ಸೋಲೂರಿನ ನಾಯಿ ಲೆಕ್ಕ

ನಾಯಿ ಹಿಡಿಯುವುದರಲ್ಲಿ ಸೋಲೂರಿನ ಸ್ವಾಮಿಯದು ಎತ್ತಿದ ಕೈ. ಮಾಗಡಿ ತಾಲ್ಲೂಕಿನ ಯಾವ ಊರಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕುವುದಿದ್ದರೂ ಪಶು ಆಸ್ಪತ್ರೆಯವರು ಅವನಿಗೇ ಹೇಳಿಕಳಿಸುತ್ತಿದ್ದರು. ಉದ್ದನೆಯ ಬಿದಿರಿನ ತುದಿಗೆ ಕಬ್ಬಿಣದ ಬಳೆ, ಆ ಬಳೆಗೆ ನೈಲಾನ್ ಬಲೆ. ಅದನ್ನು ಹಿಂದಕ್ಕೆ ಎಳೆದುಕೊಂಡು, ಯಾರದೋ ಮದುವೆಗೆ ಹೊರಟವನ ಹಾಗೆ ಎತ್ತಲೋ ನೋಡುತ್ತ ನಡೆಯುತ್ತಿದ್ದ. ಯಾರಪ್ಪ ಇವನು ಎಂದು ನಾಯಿ ತಲೆ ಎತ್ತುವಷ್ಟರಲ್ಲಿ ಬಲೆಯೊಳಗಿರುತ್ತಿತ್ತು. ಜೊತೆಗಾರ ಮೆಹಬೂಬ್ ಬಲೆಯ ಮೇಲಿಂದಲೇ ಸೂಜಿ ಚುಚ್ಚಿ, ಗುರುತಿಗೆಂದು ನೆತ್ತಿಗೆ ಹಸಿರು ಬಣ್ಣ ಬಳಿದು ಬಿಟ್ಟುಬಿಡುತ್ತಿದ್ದ.

ಇಷ್ಟು ಕೈಚಳಕವಿದ್ದರೂ ತಾಯಿ ಸಿದ್ದಮ್ಮ ನೆಂಟರ ಮುಂದೆ, "ನಮ್ ಸ್ವಾಮಿ ಡಾಕ್ಟ್ರ ಕೈ ಕೆಳ್ಗವ್ನೆ" ಎನ್ನುತ್ತಿದ್ದಳೇ ಹೊರತು ನಾಯಿ ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಹೆಣ್ಣು ಕೇಳಲು ಹೋದ ಎರಡು ಮನೆಯಲ್ಲಿ, "ನಾಯಿ ಹಿಡಿಯೋನಿಗೆ ಕೊಡಾಕಿಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಸ್ವಾಮಿ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತಾಯಿ ಹಚ್ಚಿಕೊಂಡಳು.

ಫೆಬ್ರವರಿಯಲ್ಲಿ ಒಂದು ದಿನ ಪಶು ವೈದ್ಯೆ ಲತಾಮಣಿ ಅವನನ್ನು ಕರೆದು, "ಮುಂದಿನ ವಾರ ಆಫ್ರಿಕಾದಿಂದ ಒಬ್ರು ಡಾಕ್ಟರ್ ಬರ್ತಿದಾರೆ ಸ್ವಾಮಿ. ಮಲಾವಿ ಅಂತ ದೇಶ. ಮೂರು ವಾರ ಇದ್ದು ನಿನ್ನ ಹತ್ರ ಬಲೆ ಹಾಕೋದು ಕಲೀತಾರಂತೆ" ಎಂದರು.

"ನನ್ ತಾವಾ?" ಎಂದ ಸ್ವಾಮಿ.

"ಲೇ, ಅದು ಸಿಂಹ ಇರೋ ದೇಶ ಕಣ್ಲಾ! ನಿನ್ ತಾವ ನಾಯಿ ಹಿಡಿಯೋದು ಕಲಿಯಾಕ್ ಬತ್ತಾರಾ?" ಎಂದು ಮೆಹಬೂಬ್ ನಕ್ಕ.

ಬಂದ ಹೆಂಗಸಿನ ಹೆಸರು ಥೊಕೊಜಾನಿ. ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ನಕ್ಕರೆ ಬೀದಿಯ ಆ ತುದಿಗೆ ಕೇಳಿಸಬೇಕು. ಸಿಂಹದ ಮಾತನ್ನು ಲತಾಮಣಿ ಇಂಗ್ಲಿಷಿನಲ್ಲಿ ಹೇಳಿದಾಗ, ತಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಸಿಂಹ ನೋಡಿರುವುದಾಗಿಯೂ, ಅದೂ ಬಸ್ಸಿನೊಳಗಿಂದ ಎಂದೂ ಹೇಳಿ, ಮೆಹಬೂಬ್ ಇದುವರೆಗೆ ಎಷ್ಟು ಆನೆ ಹಿಡಿದಿದ್ದಾನೆ ಎಂದು ತಿರುಗಿ ಕೇಳಿದಳು. ಅಂದಿನಿಂದ ಅವನಿಗೆ ಅವಳೆಂದರೆ ಬಹಳ ಗೌರವ.

ಅವಳ ಇಂಗ್ಲಿಷನ್ನು ಕನ್ನಡಕ್ಕೆ ಹಾಕಲು ಲತಾಮಣಿ ಹೋದಲ್ಲೆಲ್ಲ ಜೊತೆಗಿರುತ್ತಿದ್ದರು. ಅವಳ ಕೆಲಸ ಸಂಶೋಧನೆ. ಅವಳ ಜಿಲ್ಲೆಯಲ್ಲಿ ಲಸಿಕೆ ಶಿಬಿರ ಇಟ್ಟರೆ ಹಗ್ಗ ಕಟ್ಟಿಸಿಕೊಂಡ ನಾಯಿ ಬರುತ್ತದೆ, ಬೀದಿ ಸುತ್ತುವ ನಾಯಿ ಬರುವುದಿಲ್ಲ. ನೂರರಲ್ಲಿ ಎಪ್ಪತ್ತು ನಾಯಿಗಾದರೂ ಸೂಜಿ ಬೀಳದಿದ್ದರೆ ರೋಗ ಹರಡುವುದು ನಿಲ್ಲುವುದಿಲ್ಲ. ಆ ಎಪ್ಪತ್ತನ್ನು ಮುಟ್ಟುವ ದಾರಿ ಯಾವುದು ಎಂದು ಅವಳು ಹುಡುಕುತ್ತಿದ್ದಳು.

ಮೊದಲ ದಿನ ಮಧ್ಯಾಹ್ನ ಊಟಕ್ಕೆ ಸ್ವಾಮಿ ಅವಳನ್ನು ಮನೆಗೇ ಕರೆತಂದ. ಹೊರದೇಶದವಳಿಗೆ ಏನು ಬಡಿಸುವುದೋ ಎಂದು ಸಿದ್ದಮ್ಮನಿಗೆ ಗಾಬರಿ. "ಚಮಚನಾದ್ರೂ ತತ್ತಿದ್ನಲ್ಲೋ, ಮೊದ್ಲೇ ಯೋಳ್ಬಾರ್ದಾ?" ಎಂದು ಒಳಗೇ ಗೊಣಗಿದಳು. ಥೊಕೊಜಾನಿ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆಯ ಅಂಚು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಹೆಬ್ಬೆರಳಿಂದ ಸಣ್ಣ ಗುಳಿ ಒತ್ತಿ, ಉಪ್ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅವರಲ್ಲೂ ಇದೇ ಊಟವಂತೆ. ಮುಸುಕಿನ ಜೋಳದ ಹಿಟ್ಟಿನದು, ಬಣ್ಣ ಬಿಳಿ, ಹೆಸರು ನ್ಸಿಮಾ. ಒಂದೇ ವ್ಯತ್ಯಾಸ, ಅವರು ಅಗಿಯುತ್ತಾರೆ.

"ಅಗೀಬ್ಯಾಡ ಕಣವ್ವ, ನುಂಗು, ನುಂಗು!" ಎಂದು ಸಿದ್ದಮ್ಮ ಗಂಟಲು ಮುಟ್ಟಿ ತೋರಿಸಿದಳು. ನುಂಗಿದಳು, ಕೆಮ್ಮಿದಳು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಎರಡನೇ ಮುದ್ದೆ ಕೇಳಿದಾಗ ಸಿದ್ದಮ್ಮ, "ಇವ್ಳು ನಮ್ಮೋಳೇ ಬುಡು" ಎಂದು ತೀರ್ಮಾನ ಕೊಟ್ಟಳು.

ಬಲೆಯ ಪಾಠ ಅಷ್ಟು ಸಲೀಸಾಗಲಿಲ್ಲ. ಮೊದಲ ಬೀಸಿಗೆ ಒಂದು ಹುಂಜ ಸಿಕ್ಕಿತು. ಎರಡನೆಯದಕ್ಕೆ ಮೆಹಬೂಬನ ತಲೆ. ಬಸ್ ನಿಲ್ದಾಣದ ಜನರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನೆಲದಲ್ಲಿ ಕೂತು ನಕ್ಕಳು. ಆದರೆ ಎದ್ದವಳೇ ಪುಸ್ತಕ ತೆಗೆದು, ಮೊದಲು ತಾನೇ ನಾಯಿ ಹಿಡಿದು ತೋರಿಸಿದ್ದ ಸ್ವಾಮಿಯನ್ನು ಕೇಳತೊಡಗಿದಳು. ನಾಯಿಯ ಎಡಗಡೆಯಿಂದಲೇ ಯಾಕೆ ಹೋದೆ? ಅದರ ಮುಖ ಯಾಕೆ ನೋಡಲಿಲ್ಲ? ಗೋಡೆಯ ಹತ್ತಿರ ಬರುವ ತನಕ ಯಾಕೆ ಕಾದೆ? ಈ ಕೆಲಸ ಹಿಡಿದ ಹನ್ನೊಂದು ವರ್ಷದಲ್ಲಿ ಯಾರೂ ಅವನನ್ನು 'ಯಾಕೆ' ಎಂದು ಕೇಳಿರಲಿಲ್ಲ. ಉತ್ತರ ಹುಡುಕುತ್ತ ಹೋದಂತೆ, ತನಗೆ ಇಷ್ಟೊಂದು ಗೊತ್ತಿದೆಯೇ ಎಂದು ಅವನಿಗೇ ಸೋಜಿಗವಾಯಿತು.

ಎರಡನೇ ವಾರ ಅವಳು ಪಾಠ ಹೇಳುವ ಸರದಿ. ಸೋಲೂರಿನ ನಾಯಿಗಳಿಗೆಲ್ಲ ಸೂಜಿ ಮುಗಿಯಿತು ಎಂದು ಸ್ವಾಮಿ ಕೈ ಕೊಡವಿಕೊಂಡಿದ್ದ. ಹಾಗಾದರೆ ನಾಳೆ ಬೆಳಗ್ಗೆ ಎಣಿಸೋಣ ಎಂದಳು. ಬೆಳಕು ಹರಿಯುತ್ತಲೇ ಲತಾಮಣಿಯೂ ಸೇರಿ ನಾಲ್ವರೂ ಊರಿನ ಒಂದೊಂದು ಬೀದಿಯನ್ನೂ ನಡೆದರು. ಹಸಿರು ನೆತ್ತಿಗೆ ಒಂದು ಗೀಟು, ಬರೀ ನೆತ್ತಿಗೆ ಇನ್ನೊಂದು ಕಡೆ ಗೀಟು. ಕಂಡ ನಾಯಿ ನೂರ ಹನ್ನೆರಡು. ಹಸಿರು ನೆತ್ತಿ ಐವತ್ತಮೂರು. ಅರ್ಧವೂ ಇಲ್ಲ!

"ಇವೆಲ್ಲಾ ಎಲ್ಲಿದ್ವೋ?" ಎಂದು ಮೆಹಬೂಬ್ ಬಾಯಿ ಬಿಟ್ಟ. ಸ್ವಾಮಿಗೆ ಮುಖ ಎತ್ತಲಾಗಲಿಲ್ಲ. ಥೊಕೊಜಾನಿ ಬೈಯಲಿಲ್ಲ. ಶಾಲೆಯ ಕಟ್ಟೆಯ ಮೇಲೆ ಕೂತು, ತಾನು ಮೊದಲು ದನದ ಡಾಕ್ಟರಾಗಿದ್ದುದಾಗಿ ಹೇಳಿದಳು. ಪಕ್ಕದ ಮನೆಯ ಏಳು ವರ್ಷದ ಹುಡುಗಿಗೆ ನಾಯಿಮರಿ ಕಚ್ಚಿತ್ತು. ಮರಿ ತಾನೇ ಎಂದು ಎಲ್ಲರೂ ಸುಮ್ಮನಾದರು. ಆ ಹುಡುಗಿ ಹುಚ್ಚುನಾಯಿ ರೋಗದಿಂದ ತೀರಿಹೋದ ಮೇಲೆ ಅವಳು ದನ ಬಿಟ್ಟು ನಾಯಿಗಳ ಲೆಕ್ಕಕ್ಕೆ ಇಳಿದಳು. ಮೊದಲ ಎಣಿಕೆಯಲ್ಲಿ ಅವಳಿಗೆ ಸಿಕ್ಕಿದ್ದು ನೂರಕ್ಕೆ ಮೂವತ್ತೊಂದು. ನಿನ್ನದು ನಲವತ್ತೇಳು, ನನಗಿಂತ ನೀನೇ ಮುಂದೆ ಎಂದು ಅವನ ಭುಜ ತಟ್ಟಿದಳು.

ಮೂರನೇ ವಾರದ ಕೊನೆಗೆ ಅವಳ ಬಲೆಗೂ ನಾಯಿ ಬಿದ್ದಿತು. ಸಿದ್ದಮ್ಮ ಒಂದು ಚೀಲ ರಾಗಿಹಿಟ್ಟು ಕಟ್ಟಿಕೊಟ್ಟು ಬೀಳ್ಕೊಟ್ಟಳು.

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸ್ವಾಮಿ, ಮೆಹಬೂಬ್, ಲತಾಮಣಿ ಮೂವರೂ ಕರಿಯಪ್ಪನ ಟೀ ಅಂಗಡಿಯಲ್ಲಿದ್ದಾಗ ಲತಾಮಣಿಯವರ ಫೋನಿಗೆ ವಿಡಿಯೋ ಕರೆ ಬಂತು. ಥೊಕೊಜಾನಿ! ಅಲ್ಲಿ ಆಗಷ್ಟೇ ಏಳೂವರೆ. ಹಿಂದೆ ಕೆಂಪು ಮಣ್ಣು, ದೊಡ್ಡದೊಂದು ಮಾವಿನ ಮರ, ಬಲೆ ಹಿಡಿದ ಹಳದಿ ಅಂಗಿಯ ಆಳು. ಬಲೆಯನ್ನು ಹೇಳಿಕೊಟ್ಟ ಹಾಗೇ ಮಾಡಿಸಿದ್ದಾರೆ, ಆದರೆ ಎರಡು ದಿನದಿಂದ ಒಂದು ನಾಯಿಯೂ ಸಿಗುತ್ತಿಲ್ಲ ಎಂದಳು.

ಕರಿಯಪ್ಪ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದೇ ಮುತ್ತಿಕೊಂಡರು. ಅಲ್ಲಿ ಹಳದಿ ಅಂಗಿಯವನು ಕಂದು ನಾಯಿಯೊಂದರ ಕಡೆ ನಡೆದ. ನಾಯಿ ಓಡಿತು. ಮತ್ತೆ ನಡೆದ, ಮತ್ತೆ ಓಡಿತು.

"ಮೇಡಂ, ಅವ್ರು ನಾಯಿ ಮಕನೇ ನೋಡ್ತಾವ್ರೆ, ನೋಡ್ಬಾರ್ದು" ಎಂದ ಸ್ವಾಮಿ. ಇನ್ನೊಂದು ಸಲ ಕಣ್ಣು ಕಿರಿದು ಮಾಡಿ ನೋಡಿದ. "ಆಮೇಲೆ, ಹಿಂದ್ಗಡೆ ಊರೇ ಬಂದು ನಿಂತೈತಲ್ಲ! ನಾಯಿ ಹೆದರ್ತಿರೋದು ಅವ್ರಿಗೆ, ಬಲೆಗಲ್ಲ. ಎಲ್ರಿಗೂ ಕುಂತ್ಕಳಾಕೆ ಯೋಳಿ."

ಲತಾಮಣಿ ಅದನ್ನು ಇಂಗ್ಲಿಷಿಗೆ ಹಾಕಿದರು. ಥೊಕೊಜಾನಿ ಹಿಂದೆ ತಿರುಗಿ ತನ್ನ ಭಾಷೆಯಲ್ಲಿ ಕೂಗಿದಳು. ನಗುತ್ತಿದ್ದ ಜನರೆಲ್ಲ ಕೆಂಪು ಮಣ್ಣಿನಲ್ಲಿ ಕುಳಿತರು. ಸೋಲೂರಿನಲ್ಲಿ ಯಾರೂ ಹೇಳಿರಲಿಲ್ಲ, ಆದರೂ ಟೀ ಅಂಗಡಿಯ ಮುಂದಿದ್ದವರೆಲ್ಲ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಕರಿಯಪ್ಪನೂ ಕೆಟಲ್ ಹಿಡಿದೇ ಕೂತ.

ಇಷ್ಟು ಜನ ಒಟ್ಟಿಗೆ ಯಾಕೆ ಕೂತರು ಎಂದು ಅಲ್ಲಿಯ ನಾಯಿಗೆ ಅರ್ಥವಾಗಲಿಲ್ಲ. ನಿಂತು ನೋಡಿತು. ಆಕಳಿಸಿತು. ಹಳದಿ ಅಂಗಿಯವನು ಮಾವಿನ ಮರದಲ್ಲಿ ಹಣ್ಣು ಹುಡುಕುವವನ ಹಾಗೆ ಮೇಲೆ ನೋಡುತ್ತ ಹತ್ತಿರ ಬಂದ.

"ಎಡಕ್ಕೆ..." ಎಂದು ಪಿಸುಗುಟ್ಟಿದ ಸ್ವಾಮಿ.

"ಎಡಕ್ಕೆ! ಎಡಕ್ಕೆ!" ಎಂದು ಟೀ ಅಂಗಡಿಯೇ ಕೂಗಿತು.

"ಸುಮ್ನಿರ‍್ರೋ, ಕೇಳಿಸ್ಕಂಡ್ ಓಡೋಗುತ್ತೆ!" ಎಂದು ಮೆಹಬೂಬ್ ಗದರಿದ.

ಬಲೆ ಬಿತ್ತು. ನಾಯಿ ಒಳಗೆ. ಅಲ್ಲಿನ ಹೆಂಗಸರು ಎದ್ದು ನಾಲಿಗೆ ಹೊರಳಿಸಿ ಲುಲುಲು ಎಂದು ಕೂಗುತ್ತ ಕುಣಿದರು, ಇಲ್ಲಿ ಶಿಳ್ಳೆ ಬಿದ್ದವು, ಯಾರದೋ ಟೀ ಯಾರದೋ ಬೆನ್ನ ಮೇಲೆ ಚೆಲ್ಲಿತು. ಬೆಲ್ಲ ತರಲು ನಾದಿನಿಯ ಜೊತೆ ಬಂದಿದ್ದ ಸಿದ್ದಮ್ಮ, "ಏನ್ರಪ್ಪಾ ಇದು ಗಲಾಟೆ?" ಎಂದು ಕೇಳಿದಳು.

"ನಿನ್ ಮಗ ಆಫ್ರಿಕಾದಾಗೆ ನಾಯಿ ಹಿಡ್ದ ಕಣಕ್ಕ!" ಎಂದ ಕರಿಯಪ್ಪ.

"ಇಲ್ಲೇ ಕುಂತ್ಕಂಡಾ?"

"ಇಲ್ಲೇ ಕುಂತ್ಕಂಡು!"

ನಾದಿನಿ, "ನಾಯಿನಾ? ಡಾಕ್ಟ್ರ ತಾವ ಅವ್ನೆ ಅಂದಿದ್ದೆ?" ಎಂದಳು. ಸಿದ್ದಮ್ಮ ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಊಂ ಕಣವ್ವ, ನಮ್ ಸ್ವಾಮಿ ನಾಯಿ ಹಿಡೀತಾನೆ. ಡಾಕ್ಟ್ರುಗಳೇ ಬಂದು ಅವ್ನ ತಾವ ಕಲ್ತ್ಕಂಡ್ ಹೋಯ್ತಾರೆ. ನೀನೇ ಕೇಳ್ದಲ್ಲ!" ಸ್ವಾಮಿಯ ಕಿವಿ ಎರಡೂ ಕೆಂಪಗಾಗಿದ್ದವು.

ಗದ್ದಲ ಇಳಿದ ಮೇಲೆ ಕರಿಯಪ್ಪ ಅವನ ಪಕ್ಕಕ್ಕೆ ಬಂದು ಕೆಮ್ಮಿದ. "ಲೇ ಸ್ವಾಮಿ, ಒಸಿ ತಪ್ಪಾಗ್ಬುಟ್ಟೈತೆ. ನಮ್ ನಾಯ್ನ ಸೂಜಿ ದಿನ ತೋಟದ ಮನೇಲಿ ಕೂಡಾಕ್ಬುಟ್ಟಿದ್ದೆ. ಚುಚ್ಚುದ್ರೆ ಬೊಗಳಾದು ನಿಂತೋಯ್ತದೆ ಅಂದ್ರು."

"ನಿಂಗ್ಯಾರ್ಲಾ ಯೋಳಿದ್ದು?"

"ಎಲ್ರೂ ಅಂಗೇ ಅಂದ್ಕಂಡವ್ರೆ ಕಣ್ಲಾ. ನಮ್ ಬೀದೀಲೇ ಆರು ನಾಯಿ ಬಚ್ಚಿಟ್ಟವ್ರೆ."

ಕಾಣದ ನಾಯಿಗಳು ಎಲ್ಲಿದ್ದವು ಎಂದು ಸ್ವಾಮಿಗೆ ಆಗ ಗೊತ್ತಾಯಿತು. ಬರುವ ಭಾನುವಾರವೇ ಶಾಲೆಯ ಬಯಲಲ್ಲಿ ಶಿಬಿರ ಎಂದು ಲತಾಮಣಿ ಅಲ್ಲೇ ಸಾರಿದರು. ಸಿದ್ದಮ್ಮ ಮನೆ ಮನೆಗೂ ಹೋಗಿ, "ಸೂಜಿ ಬಿದ್ ನಾಯಿ ಇನ್ನೂ ಜೋರಾಗಿ ಬೊಗಳ್ತದೆ, ನನ್ನಾಣೆ" ಎಂದು ತನ್ನದೇ ಒಂದು ಶಾಸ್ತ್ರ ಹೇಳಿಬಂದಳು. ಸ್ವಾಮಿ ಬೇಡವೆಂದರೂ ಕೇಳಲಿಲ್ಲ.

ಭಾನುವಾರ ಊರಿಗೆ ಊರೇ ಬಂತು. ಸೈಕಲ್ ಟ್ಯೂಬು ಕಟ್ಟಿಸಿಕೊಂಡ ನಾಯಿ, ಹಳೇ ಸೀರೆಯಂಚು ಕಟ್ಟಿಸಿಕೊಂಡ ನಾಯಿ, ಸ್ಕೂಟರಿನ ಮುಂದೆ ಯಜಮಾನನ ಹಾಗೆ ಕೂತು ಬಂದ ನಾಯಿ. ಸಿದ್ದಮ್ಮ ಸಾಲು ಸರಿಮಾಡುತ್ತ ಮನುಷ್ಯರನ್ನು ಬೈಯುತ್ತಿದ್ದಳು, ನಾಯಿಗಳನ್ನಲ್ಲ. ಸ್ವಾಮಿ ಲಸಿಕೆ ತುಂಬಿ ತುಂಬಿ ಕೊಟ್ಟ, ಮೆಹಬೂಬ್ ಮೊಣಕೈವರೆಗೂ ಹಸಿರಾದ.

ಮರುದಿನ ಬೆಳಗ್ಗೆ ಇಬ್ಬರೂ ಎಣಿಸಲು ಹೊರಟರು. ಕಂಡದ್ದು ನೂರ ಹದಿನೆಂಟು, ಹಸಿರು ನೆತ್ತಿ ತೊಂಬತ್ತೇಳು. ಮೆಹಬೂಬ್ ಫೋನಿನಲ್ಲೇ ಭಾಗಾಕಾರ ಮಾಡಿ, "ಯಾ ಅಲ್ಲಾ, ಎಂಬತ್ತೆರಡು!" ಎಂದು ಸ್ವಾಮಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಹಾಲು ಹಾಕಲು ಹೊರಟಿದ್ದವರು ಕ್ಯಾನ್ ಕೆಳಗಿಟ್ಟು ನೋಡಿದರು.

ಲೆಕ್ಕದ ಹಾಳೆಯ ಫೋಟೋ ಮಲಾವಿಗೆ ಹೋಯಿತು. ಅರ್ಧ ಗಂಟೆಯೊಳಗೆ ಥೊಕೊಜಾನಿಯ ಉತ್ತರ ಬಂತು. ಅವಳ ಹಳ್ಳಿಗಳಲ್ಲಿ ಎಪ್ಪತ್ತಮೂರು ಮುಟ್ಟಿದೆ. ನಾಳೆ ಮಂಗಳವಾರ ಸರೋವರದ ಆಚೆ ದಡದ ಊರಿಗೆ ಹೋಗುತ್ತಿದ್ದೇವೆ, ಅಲ್ಲಿಯ ನಾಯಿಗಳು ಈಜುತ್ತವೆ, ಸ್ವಾಮಿ ಫೋನಿಗೆ ಸಿಗುತ್ತಾನಾ ಎಂದು ಕೇಳಿದ್ದಳು.

ಈಜುವ ನಾಯಿಯನ್ನು ಸ್ವಾಮಿ ಇದುವರೆಗೆ ಹಿಡಿದವನಲ್ಲ.

"ಮಂಗಳ್ವಾರ ಕುದೂರಲ್ಲಿ ಕೆಲ್ಸ ಐತೆ ಮೇಡಂ" ಎಂದ ಲತಾಮಣಿಗೆ. "ಆದ್ರೂ ನಮ್ ಹನ್ನೊಂದ್ ಗಂಟೆಗೆ ಫೋನ್ ಮಾಡಾಕೆ ಯೋಳಿ. ಅಷ್ಟೊತ್ಗೆ ಏನಾರ ಒಂದ್ ಉಪಾಯ ಮಾಡಿರ್ತೀನಿ."