ಮಡಚುವ ಸೈಕಲ್ಲು

"ಕೂತೇ ಇದ್ರೆ ಈ ಕಾಲು ಉಳಿಯಲ್ಲ" ಎಂದರು ಮನೆಗೆ ಬಂದಿದ್ದ ಡಾಕ್ಟರು. ಅಮ್ಮನ ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ್ದರು. ಅಮ್ಮನಿಗೆ ಒತ್ತಿದ್ದೇ ಗೊತ್ತಾಗಿರಲಿಲ್ಲ. "ಹೊರಗೆ ನಡೆಯೋಕಾಗಲ್ಲ ಅಂದ್ರೆ ಮನೇಲೇ ಒಂದು ಸೈಕಲ್ ತಂದಿಡಿ. ದಿನಾ ತುಳೀಲಿ. ರಕ್ತ ಕೆಳಗೆ ಇಳೀಬೇಕು."

ಅಪ್ಪ ಇದ್ದಾಗ ಈ ಮಾತೇ ಬರುತ್ತಿರಲಿಲ್ಲ. ಬೆಳಗಿನ ನಮಾಜು ಮುಗಿಸಿ ಇಬ್ಬರೂ ಕಡಲ ದಂಡೆ ಹಿಡಿದು ಕೋಟೆಯವರೆಗೆ ನಡೆಯುತ್ತಿದ್ದರು. ಬರುವಾಗ ಬೇಯಿಸಿದ ಕಾಳಿನ ಬಿಸಿ ಫೂಲ್ ಕಟ್ಟಿಸಿಕೊಂಡು, ಏನಾದರೊಂದಕ್ಕೆ ಜಗಳವಾಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಅಮ್ಮನ ಸಕ್ಕರೆ ಕಾಯಿಲೆಗೆ ಅಷ್ಟು ವರ್ಷ ಲಗಾಮು ಹಾಕಿದ್ದು ಆ ನಡಿಗೆ. ಚಳಿಗಾಲದ ಶುರುವಿನಲ್ಲಿ ಅಪ್ಪ ಹೋದರು, ಅಮ್ಮ ಇದ್ದತ್ತಿಗೆ ಕೂತಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಕಪ್ಪು ಬಟ್ಟೆಯಲ್ಲಿ, ಹೊಸಿಲು ದಾಟದೆ ಕೂರಬೇಕು. ಕೂತಳು.

ನಾನು ನಮ್ಮ ಮಸೀದಿಯ ಶೇಖ್ ಸಾಹೇಬರಿಗೆ ಫೋನ್ ಮಾಡಿ ಕೇಳಿದೆ. ಕಾಯಿಲೆಯವಳು, ಹಗಲಲ್ಲಿ ಹೋಗಿ ಹಗಲಲ್ಲೇ ಮನೆ ಸೇರಿದರೆ ಏನೂ ತಪ್ಪಿಲ್ಲ, ಹೋಗಲಿ ಎಂದರು. ಖುಷಿಯಿಂದ ಬಂದು ಅಮ್ಮನಿಗೆ ಹೇಳಿದೆ.

"ಶೇಖ್ ಹೇಳಿದ್ದು ದೇವರ ಮಾತು ಕಣೆ ಸಹರ್" ಎಂದಳು ಅಮ್ಮ. "ಆದ್ರೆ ನಾನಿರೋದು ಕರೀಮಾನ್ ತಲೆ ಮೇಲಿನ ಮಹಡೀಲಿ."

ಕರೀಮಾನ್ ಎಂದರೆ ಅಪ್ಪನ ತಂಗಿ, ನನ್ನ ಅತ್ತೆ. ಅವಳ ಮನೆ ನಮ್ಮ ಕೆಳಗಿನ ಮಹಡಿಯಲ್ಲಿ. ಅವಳ ಬಾಯಿ ಮಾತ್ರ ಕಟ್ಟಡದ ಎಲ್ಲ ಮಹಡಿಗಳಲ್ಲೂ ಇತ್ತು.

ಸೈಕಲ್ಲು ಇಡುವುದೆಲ್ಲಿ? ಮಲಗುವ ಕೋಣೆಗಳಲ್ಲಿ ಮಂಚ, ಕಪಾಟು ಬಿಟ್ಟರೆ ಒಬ್ಬರು ಅಡ್ಡ ತಿರುಗಿ ನಡೆಯುವಷ್ಟು ಜಾಗ. ಬಾಲ್ಕನಿಯಲ್ಲಿಟ್ಟರೆ ಎದುರಿನ ಕಟ್ಟಡದವರಿಗೆಲ್ಲ ತಮಾಷೆ. ಉಳಿದದ್ದು ಬಂದವರನ್ನು ಕೂರಿಸುವ ಕೋಣೆ. ಅಲ್ಲಿ ಅಮ್ಮನ ಮದುವೆಯ ಚಿನ್ನದ ಬಣ್ಣದ ಸೋಫಾಗಳು, ಕಾಲಿಡಲೂ ತೆರಪಿಲ್ಲದ ಹಾಗೆ. ಮೂವತ್ತೈದು ವರ್ಷ ಬಟ್ಟೆ ಮುಚ್ಚಿಸಿಕೊಂಡು ನಿಂತ ಆ ಸೋಫಾಗಳ ಮೇಲೆ ನಾನು ಮನಸಾರೆ ಕೂತ ನೆನಪಿಲ್ಲ.

ಮನ್ಶಿಯಾ ಪೇಟೆಯ ಅಂಗಡಿಗೆ ನಾನೊಬ್ಬಳೇ ಹೋದೆ. ಅಮ್ಮ ಫೋನಿನ ಪರದೆಯೊಳಗಿಂದ ಇಣುಕುತ್ತಿದ್ದಳು. ಒಂದು ಸೈಕಲ್ಲು ತಗ್ಗಾಗಿತ್ತು, ಕುರ್ಚಿಯ ಹಾಗೆ ಬೆನ್ನಿಗೆ ಒರಗು ಇತ್ತು, ಪಾದ ಜಾರದಂತೆ ಕಟ್ಟಲು ಪಟ್ಟಿಯಿತ್ತು. ಇಬ್ಬರು ಆಳುಗಳಿಲ್ಲದೆ ಅಲುಗಾಡುವಂಥದ್ದಲ್ಲ. ನನ್ನ ಮನಸ್ಸು ಅದರ ಮೇಲೇ ಬಿತ್ತು.

"ಎಲ್ಲಿಡ್ತೀಯ ಅದನ್ನ, ನನ್ನ ತಲೆ ಮೇಲಾ?" ಎಂದಳು ಅಮ್ಮ.

"ಉದ್ದದ ಸೋಫಾ ತೆಗೆದ್ರೆ ಅಲ್ಲಿ ಸರಿಯಾಗಿ ಕೂರುತ್ತೆ. ಅಳತೆ ಮಾಡ್ಕೊಂಡೇ ಬಂದಿದೀನಿ."

"ಸೋಫಾ ತೆಗೆದ್ರೆ ಬಂದ ಹೆಂಗಸರು ನೆಲದ ಮೇಲೆ ಕೂರಬೇಕಾ? ನಿಮ್ಮಪ್ಪನ ನಲವತ್ತನೇ ದಿನ ಹತ್ತಿರ ಬಂತು. ಸಾವಿನ ಮನೆ ನಡುವೆ ಇಷ್ಟು ದೊಡ್ಡ ಕಬ್ಬಿಣದ ಕತ್ತೆ!"

ಅಂಗಡಿಯವನಿಗೆ ಅಷ್ಟು ಸಾಕಾಯಿತು. ಫೋನನ್ನು ನನ್ನ ಕೈಯಿಂದಲೇ ತೆಗೆದುಕೊಂಡ. "ಹಜ್ಜಾ ಅಮ್ಮಾ, ಇಲ್ಲಿ ನೋಡಿ, ನಿಮಗೆ ಅಂತಲೇ ಮಾಡಿದ ಹಾಗಿದೆ" ಎಂದು ಇನ್ನೊಂದನ್ನು ಮುಂದೆಳೆದು ಕೀಲು ಒತ್ತಿದ. ಕೊಡೆ ಮುಚ್ಚಿದ ಹಾಗೆ ಅದು ಮಡಚಿಕೊಂಡಿತು. "ಬಾಗಿಲ ಹಿಂದೆ ನಿಲ್ಲಿಸಿಬಿಡಿ. ಬೆಲ್ ಹೊಡೀತಾ? ಮಡಚಿದ್ರಿ, ಮುಗೀತು. ಮನೇಲಿ ಸೈಕಲ್ ಇದೆ ಅಂತ ಜಿನ್ನಿಗೂ ಗೊತ್ತಾಗಲ್ಲ."

"ಅದೇ ಇರಲಿ" ಎಂದಳು ಅಮ್ಮ. ನಾನು ಅಂಗಡಿಯಲ್ಲೇ ನಿಂತು ಬಾಯಿ ನೋಯುವಷ್ಟು ವಾದ ಮಾಡಿದೆ. ಕಾಲು ಅವಳದ್ದು, ಮನೆ ಅವಳದ್ದು. ಮಡಚುವುದೇ ಬಂತು.

ಮೊದಲ ವಾರ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಅಮ್ಮ ಕಪ್ಪು ನಿಲುವಂಗಿಯನ್ನು ಮೊಣಕಾಲಿಗೆತ್ತಿ, ತಸ್ಬೀಹಿನ ಮಣಿ ಎಣಿಸುತ್ತ ತುಳಿಯುತ್ತಿದ್ದಳು. ಒಂದು ದಿನ ನನ್ನ ಕೈ ಎಳೆದು ಪಾದದ ಮೇಲಿಟ್ಟುಕೊಂಡಳು. "ಮುಟ್ಟು, ಬೆಚ್ಚಗಿದೆ ಅಲ್ವಾ?" ನಿಜವಾಗಿಯೂ ಬೆಚ್ಚಗಿತ್ತು. ನನಗೆ ಅಳು ಬಂತು.

ಕೆಳಗಿನ ಮನೆಗೆ ಪೆಡಲಿನ ಸದ್ದು ಕೇಳಿಸಿತೇನೋ. ಶುಕ್ರವಾರದ ರಜೆ, ನಾನು ಮನೆಯಲ್ಲೇ ಇದ್ದೆ. ಅತ್ತೆ ಬೆಲ್ಲನ್ನೂ ಹೊಡೆಯದೆ ಒಳಗೆ ಬಂದಳು. ಅಮ್ಮ ಇಳಿಯಲು ಹೋಗಿ ಪಾದ ಸಿಕ್ಕಿಸಿಕೊಂಡು ಅಲ್ಲೇ ಉಳಿದಳು.

"ಓಹೋ" ಎಂದಳು ಅತ್ತೆ. "ನಮ್ಮಣ್ಣನ ಗೋರಿ ಮಣ್ಣು ಇನ್ನೂ ಹಸಿ ಇದೆ, ಅತ್ತಿಗೆ ಸವಾರಿ ಹೊರಟ್ರಾ?"

"ಡಾಕ್ಟರು ಹೇಳಿದಾರೆ ಅತ್ತೆ. ಕಾಲು ಹೋಗುತ್ತೆ" ಎಂದೆ ನಾನು.

"ನಾನೇನಂದೆ ಈಗ? ತುಳೀಲಿ. ಮೈ ಇಳಿದ್ರೆ ಒಳ್ಳೇದೇ. ಮುಂದೆ ಬೇಕಾಗುತ್ತೆ."

ಎರಡು ದಿನದೊಳಗೆ ಅಮ್ಮನ ಬಗ್ಗೆ, ಬಾಹಿಯಾ ಇನ್ನೊಂದು ಮದುವೆಗೆ ಮೈ ಇಳಿಸುತ್ತಿದ್ದಾಳಂತೆ ಎಂಬ ಮಾತು ಮೀನು ಮಾರುವವನವರೆಗೂ ಹೋಗಿತ್ತು. ಸಂತಾಪ ಹೇಳಲು ಬರುವವರು ಇದ್ದಕ್ಕಿದ್ದಂತೆ ಹೆಚ್ಚಾದರು. ಬೆಲ್ ಹೊಡೆದಾಗಲೆಲ್ಲ ಅಮ್ಮ ಇಳಿದು, ಮಡಚಿ, ಬಾಗಿಲ ಹಿಂದೆ ನೂಕಿ, ಏದುಸಿರು ಬಿಡುತ್ತ ಬಂದು ಸೋಫಾದ ಮೇಲೆ ಕೂರುತ್ತಿದ್ದಳು. ಏದುಸಿರನ್ನು ಅವರು ದುಃಖವೆಂದುಕೊಂಡಿದ್ದರೆ ಒಳ್ಳೆಯದಿತ್ತು. ಶೋಕದ ಮನೆಯ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ಬಾಗಿಲ ಹಿಂದಕ್ಕೇ ಕಣ್ಣು ಹಾಯಿಸುತ್ತಿದ್ದರು.

ಬಿಚ್ಚುವುದು, ಮಡಚುವುದು. ಕೊನೆಗೆ ಬಿಚ್ಚುವುದು ನಿಂತಿತು. ನಾನು ಆಫೀಸಿನಿಂದ ಬಂದು "ತುಳಿದ್ಯಾ?" ಎಂದರೆ "ಹೂಂ" ಎನ್ನುತ್ತಿದ್ದಳು. ಸೈಕಲ್ಲಿನ ಹಿಡಿಗೆ ಬಂದವರ ಶಾಲು, ಕೋಟು ನೇತುಹಾಕುವ ರೂಢಿಯೂ ಆಯಿತು.

"ನಿನಗೆ ಕಾಲು ಬೇಕಾ, ಅವರ ಬಾಯಿ ಬೇಕಾ?" ಎಂದು ಒಂದು ದಿನ ಕಿರುಚಿದೆ.

"ನೀನು ಬೆಳಿಗ್ಗೆ ಎದ್ದು ಆಫೀಸಿಗೆ ಹೋಗ್ತೀಯ" ಎಂದಳು ಅಮ್ಮ. "ದಿನವಿಡೀ ಅವರ ಮಧ್ಯೆ ಕೂರೋಳು ನಾನು."

 

ಪಾದ ಮತ್ತೆ ತಣ್ಣಗಾಯಿತು. ತುಳಿಯದ ಕಾಲನ್ನು ಬೆಚ್ಚಗಿಡಲು ಅಮ್ಮ ಸೋಫಾದ ಮುಂದೆ ಕರೆಂಟಿನ ಹೀಟರು ಇಟ್ಟುಕೊಂಡಳು. ಬಂದವರ ಮಾತಿಗೆ ತಲೆಯಾಡಿಸುತ್ತ, ನಿಲುವಂಗಿಯ ಕೆಳಗೆ ಪಾದವನ್ನು ಹತ್ತಿರ ಹತ್ತಿರ ಸರಿಸಿದಳು. ಚರ್ಮ ಸುಟ್ಟದ್ದು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನನಗೆ ಹೇಳಲಿಲ್ಲ. ಕೋಣೆಯಲ್ಲಿ ವಾಸನೆ ಬಂದಾಗ ನಾನೇ ನಿಲುವಂಗಿ ಎತ್ತಿ ನೋಡಿದೆ. ಬೆರಳುಗಳು ಕಪ್ಪಾಗಿದ್ದವು.

ಲಿಫ್ಟು ಕೆಟ್ಟಿತ್ತು. ಆಂಬ್ಯುಲೆನ್ಸಿನವರು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿದರು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದುಕೊಂಡವು. ಇದ್ದತ್ತು ಮುಗಿಯದೆ ಅಮ್ಮ ಹೊಸಿಲು ದಾಟಿದ್ದಳು, ಯಾರೂ ಒಂದು ಮಾತು ಆಡಲಿಲ್ಲ. ಅಮ್ಮ ಮಾತ್ರ ದಾರಿಯುದ್ದಕ್ಕೂ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡಿದ್ದಳು.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಇನ್ನೊಂದನ್ನಾದರೂ ಉಳಿಸಿಕೊಳ್ಳಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮರುದಿನ ಅತ್ತೆ ಪಾರಿವಾಳದ ಸಾರು ತಂದಳು. ಉದ್ದದ ಸೋಫಾದ ಮೇಲೆ ಕೂತು ಅತ್ತಳು. ನಾಟಕವಲ್ಲ, ನಿಜವಾಗಿ ಅತ್ತಳು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಮೂಗು ಒರೆಸಿಕೊಂಡು ಬಾಗಿಲ ಹಿಂದೆ ನೋಡಿದಳು.

"ಸೈಕಲ್ ಇತ್ತಲ್ಲ ಅತ್ತಿಗೆ" ಎಂದಳು. "ಯಾಕೆ ತುಳೀಲಿಲ್ಲ?"

ಅಮ್ಮ ಸಾರಿನ ಬಟ್ಟಲನ್ನು ಪಕ್ಕಕ್ಕಿಟ್ಟಳು. ದನಿಯಲ್ಲಿ ಕೋಪವಿರಲಿಲ್ಲ.

"ನೀನು ಬರ್ತಿದ್ದೆಯಲ್ಲ ಕರೀಮಾನ್."

"ಅತ್ತೆ, ಏಳಿ" ಎಂದೆ ನಾನು. "ಈ ಸೋಫಾ ಹೊರಗೆ ಹೋಗ್ಬೇಕು."

ಅಂದೇ ಅದನ್ನು ಇಬ್ಬರು ಆಳುಗಳು ಹೊತ್ತುಕೊಂಡು ಹೋದರು. ಅವರೇ ಅಂಗಡಿಯ ದೊಡ್ಡ ಸೈಕಲ್ಲನ್ನು ಹೊತ್ತು ತಂದು ಅದೇ ಜಾಗದಲ್ಲಿ ಇಳಿಸಿದರು. ಅಳತೆ ಸರಿಯಾಗಿತ್ತು. ಕೋಣೆಯಲ್ಲಿ ಈಗ ಬಂದವರು ನಿಲ್ಲಬೇಕು.

ಗಾಯ ಮಾಗಿದ ಮೇಲೆ ಅಮ್ಮನನ್ನು ಎತ್ತಿ ಅದರ ಮೇಲೆ ಕೂರಿಸಿ, ಬಲಪಾದವನ್ನು ಪಟ್ಟಿಯಿಂದ ಕಟ್ಟಿದೆ. ಮೆಲ್ಲಗೆ ತುಳಿಯತೊಡಗಿದಳು. ಪಕ್ಕದಲ್ಲಿ ಎಡಗಾಲಿನ ಪೆಡಲು ಖಾಲಿಯಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು. ಅಮ್ಮನ ಕೈ ತಾನಾಗಿಯೇ ಕೆಳಗೆ ಹೋಗಿ ಮಡಚುವ ಕೀಲಿಗಾಗಿ ತಡಕಾಡಿತು. ಇದರಲ್ಲಿ ಅಂಥದ್ದೇನೂ ಇರಲಿಲ್ಲ.

"ಹೋಗು, ಬಾಗಿಲು ತೆಗಿ" ಎಂದಳು.