ಗುಂಡವ್ವನ ಚರಗ

ಗುಂಡವ್ವ ನಕ್ಕರೆ ಮೂರು ಓಣಿಗೆ ಕೇಳುತ್ತದೆ ಎಂದು ಕೇರಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಹೊರ್ತಿಯ ಆಚೆಗಿನ ಆ ಸಣ್ಣ ಊರಲ್ಲಿ ಅವಳ ಬಾಯಿಗೆ ಬಿದ್ದು ಗೆದ್ದು ಬಂದವರಿರಲಿಲ್ಲ. ಅಂಥ ಹೆಂಗಸು ಒಂದು ವರ್ಷದಿಂದ ನಕ್ಕಿರಲಿಲ್ಲ.

ಅವಳ ಗಂಡ ಸಿದ್ರಾಮ ಸೊಲ್ಲಾಪುರದ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದು ಊರಲ್ಲಿ ನಾಲ್ಕು ಎಕರೆ ಎರೆಹೊಲ ಕೊಂಡಿದ್ದ. ದಲಿತರ ಕೇರಿಯಲ್ಲಿ ಸ್ವಂತ ಹೊಲ ಮಾಡಿದವರಲ್ಲಿ ಅವನೇ ಮೊದಲಿಗ. ತೊಂಬತ್ತೇಳರ ಎಳ್ಳ ಅಮವಾಸ್ಯೆ ಅವರಿಗೆ ಸ್ವಂತ ಹೊಲದ ಮೊದಲ ಹಬ್ಬ. ಆ ಸೀಮೆಯಲ್ಲಿ ಅಂದು ರೈತರೆಲ್ಲ ಎತ್ತಿಗೆ ಗೆಜ್ಜೆ ಕಟ್ಟಿ, ಬಂಡಿ ಹೂಡಿ, ಬುಟ್ಟಿ ತುಂಬ ಅಡಿಗೆ ಇಟ್ಟುಕೊಂಡು ಹೊಲಕ್ಕೆ ಹೋಗುತ್ತಾರೆ. ಭೂತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಬೆಳೆಯೊಳಗೆ ಕಡುಬು, ಪಲ್ಯ ಚೆಲ್ಲುತ್ತ ಹೋದರೆ, ಹಿಂದಿನವರು ‘ಚಳ್ಳಂಬರಿಗೋ’ ಎಂದು ಓಗೊಟ್ಟು ನೀರು ಚಿಮುಕಿಸುತ್ತಾರೆ. ಇದೇ ಚರಗ. ಓಗೊಡುವವರಿಲ್ಲದ ಚರಗ ಭೂತಾಯಿಗೆ ಮುಟ್ಟುವುದಿಲ್ಲ ಎಂದು ಗುಂಡವ್ವನ ಅವ್ವ ಹೇಳುತ್ತಿದ್ದಳು. ಪಾಪ, ಆಕೆ ಜೀವನಪೂರ್ತಿ ಓಗೊಟ್ಟದ್ದು ಕಂಡವರ ಹೊಲದಲ್ಲಿ.

ಅಂದು ಬಂಡಿ ದೊಡ್ಡ ದಾರಿಗೆ ಬಂದು ಬನ್ನಿಗಿಡದ ತಿರುವು ಮುಟ್ಟಿದಾಗ ಮೇಲಿನ ಓಣಿಯ ಆರೇಳು ಹುಡುಗರು ಅಡ್ಡ ನಿಂತಿದ್ದರು. ಮುಂದಾಳು ಅನಿಲ.

“ಕೇರಿ ಮಂದಿ ಗೆಜ್ಜಿ ಕಟ್ಟಿ ನಮ್ಮ ಮುಂದ ಬಂಡಿ ಹೊಡಿತೀರೇನು? ಇಳೀರಿ ಕೆಳಗ.”

ಸಿದ್ರಾಮ ಇಳಿಯಲಿಲ್ಲ. ಅವನನ್ನು ಎಳೆದು ಕೆಡವಿ ದವಡೆ ಮುರಿಯುವ ತನಕ ಬಡಿದರು. ಬುಟ್ಟಿಯನ್ನು ಧೂಳಿಗೆ ಸುರಿದು ಶೇಂಗಾ ಹೋಳಿಗೆಯನ್ನು ಚಪ್ಪಲಿ ಕಾಲಿನಿಂದ ತುಳಿದರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಂಡಿ ಬಂತು. ಅದರಲ್ಲಿದ್ದವಳು ಪಕ್ಕದ ಹೊಲದ ಸುಮಿತ್ರಾಬಾಯಿ. ಗಂಡ ಸತ್ತ ಮೇಲೆ ಒಕ್ಕಲುತನ ತಾನೇ ನೋಡಿಕೊಳ್ಳುವ ಗಟ್ಟಿಗಿತ್ತಿ. ಬದುವಿನ ಮೇಲೆ ನಿಂತು ಗುಂಡವ್ವನ ಜೊತೆ ತಾಸುಗಟ್ಟಲೆ ಹರಟುತ್ತಿದ್ದವಳು.

“ಬಾಯಾರ, ಬಿಡಸ್ರಿ!” ಎಂದು ಗುಂಡವ್ವ ಕೂಗಿದಳು.

ಸುಮಿತ್ರಾಬಾಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಬಂಡಿ ತಿರುಗಿಸಲು ಆಳಿಗೆ ಹೇಳಿದಳು. ಅನಿಲ ಅವಳ ಮೈದುನನ ಮಗ.

ಇಂಡಿ ಠಾಣೆಯಲ್ಲಿ ಜಾತಿ ನಿಂದನೆಯ ಕೇಸಾಯಿತು. ಹುಡುಗರು ಜಾಮೀನಿನ ಮೇಲೆ ಹೊರಗೆ ಬಂದರು. ಊರ ಹಿರಿಯರು ಬಂದು, ಹುಡುಗರ ಬುದ್ಧಿ, ರಾಜಿ ಆಗಿಬಿಡ್ರಿ ಎಂದರು.

“ಬದುವಿನ ಜಗಳಾ ಆಗಿದ್ರ ರಾಜಿ ಆಗ್ತಿದ್ವಿರಿ,” ಎಂದಳು ಗುಂಡವ್ವ. “ನಮಗ ಅವರಿಗೆ ಜಗಳಾನ ಇರಲಿಲ್ಲ. ಬಂಡ್ಯಾಗ ಕುಂತವ್ರು ನಾವು ಅಂತ ಹೊಡದಾರ. ಇದನ್ನ ಹೆಂಗ ರಾಜಿ ಮಾಡ್ತೀರಿ?”

ಹಿರಿಯರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದುಹೋದರು. ಅವಳು ಗಟ್ಟಿಯಾಗಿ ಆಡಿದ ಮಾತು ಅದೇ ಕಡೆಯದು. ಎತ್ತಿನ ಗೆಜ್ಜೆಗಳನ್ನು ಬಿಚ್ಚಿ ಜೋಳದ ಚೀಲದ ತಳಕ್ಕೆ ಹಾಕಿದಳು. ಎಲ್ಲಿಂದಲೋ ಬಂಡಿಯ ಗೆಜ್ಜೆ ಕೇಳಿದರೆ ಸಾಕು, ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ಹೊಲಕ್ಕೆ ದೊಡ್ಡ ದಾರಿ ಬಿಟ್ಟು ಹಳ್ಳದ ಮುಳ್ಳುಕಂಟಿಯ ಸುತ್ತುದಾರಿ ಹಿಡಿದಳು. ಹೊಸ ಬಂಡಿ ಮಾಡಿಸಬೇಕೆಂದಿದ್ದ ಕೇರಿಯ ಮುತ್ತುರಾಜ ತಂದಿಟ್ಟ ಕಟ್ಟಿಗೆಯನ್ನು ಒಲೆಗೆ ಹಾಕಿದ. ಪೆಟ್ಟು ತಿಂದವನು ಒಬ್ಬ, ಬೆನ್ನು ಬಗ್ಗಿದ್ದು ಇಡೀ ಕೇರಿಯದು. ಹೊಡೆದವರಿಗೆ ಬೇಕಾದದ್ದೂ ಅದೇ ತಾನೆ?

ದಸರೆ ಕಳೆದ ಮೇಲೆ ಒಂದು ಸಂಜೆ ಸುಮಿತ್ರಾಬಾಯಿ ಒಬ್ಬಳೇ ಕೇರಿಗೆ ನಡೆದು ಬಂದಳು. ಗುಂಡವ್ವ ಕೂತುಕೊಳ್ಳಿ ಎನ್ನಲಿಲ್ಲ.

“ಅವತ್ತ ನಾ ಎಲ್ಲಾ ನೋಡೇನಿ ಗುಂಡವ್ವ. ವಿಜಾಪುರದ ಕೋರ್ಟಿನ್ಯಾಗ ಸಾಕ್ಷಿ ಹೇಳ್ತೇನಿ.”

“ಅಟ್ಟ ಮ್ಯಾಲ ಒಲಿ ಉರೀತೇನ್ರಿ ಬಾಯಾರ? ಅವತ್ತ ಎಲ್ಲಿಗೆ ಹೋಗಿತ್ರಿ ಈ ಬಾಯಿ?”

“ಹೆದರಿದ್ನಿ. ಮನಿ ಹುಡುಗ ಅಂದ್ನಿ. ಆವಾಗಿಂದ ನೀ ಕೂಗಿದ್ದು ಕಿವ್ಯಾಗ ಹಂಗ ಐತಿ.”

“ಕೋರ್ಟಿನ್ಯಾಗ ಸಾಹೇಬ್ರು ಕೇಳ್ತಾರ್ರಿ. ನಾ ನಿಮ್ಮನ್ನ ಕರದದ್ದು ದಾರ್ಯಾಗ.”

ಸುಮಿತ್ರಾಬಾಯಿ ತಲೆ ತಗ್ಗಿಸಿ ಹೋದಳು. ಗುಂಡವ್ವನಿಗೆ ಕರುಣೆ ಬರಲಿಲ್ಲ. ಬರಬೇಕೆಂದು ಯಾರೂ ಹೇಳುವ ಹಾಗೂ ಇಲ್ಲ.

ಆದರೆ ಸುಮಿತ್ರಾಬಾಯಿ ಆಡಿದಂತೆ ನಡೆದಳು. ಕಟಕಟೆಯಲ್ಲಿ ನಿಂತು ಅನಿಲನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಅಂದಿನಿಂದ ಮೇಲಿನ ಓಣಿಯವರು ಅವಳ ಮನೆಗೆ ಹೋಗಿ ಬರುವುದನ್ನು ಬಿಟ್ಟರು. ಆಳುಗಳೂ ಕೆಲಸಕ್ಕೆ ಬರಲಿಲ್ಲ. ತೀರ್ಪು ಇನ್ನೂ ದೂರವಿತ್ತು. ಅಷ್ಟರಲ್ಲಿ ಮತ್ತೆ ಎಳ್ಳ ಅಮವಾಸ್ಯೆ ಬಂತು.

ಹಿಂದಿನ ದಿನ ಗುಂಡವ್ವ, “ಈ ಸಲ ಮನ್ಯಾಗ ನಾಕು ಕಡಬು ಮಾಡಿದ್ರ ಆತು,” ಎಂದಳು. ಒಂಬತ್ತನೇ ಇಯತ್ತೆಯ ಮಗಳು ಪಲ್ಲವಿ ಹೋಗಿ, ಜೋಳದ ಚೀಲಕ್ಕೆ ಮೊಳಕೈವರೆಗೆ ಕೈ ಹಾಕಿ, ಗೆಜ್ಜೆಗಳನ್ನು ತಂದು ಅವ್ವನ ಮುಂದಿಟ್ಟಳು.

“ನಾನೂ ಸಾಲಿಗೆ ಹಳ್ಳದ ದಾರಿಲೇ ಹೋಗಾಕತ್ತೇನಿ ಅವ್ವ. ನಿನಗ ಗೊತ್ತಿಲ್ಲ. ನಾಳೆ ನನ್ನ ಮಕ್ಕಳೂ ಹಳ್ಳದ ದಾರಿಲೇ ಹೋಗ್ಬೇಕೇನು?”

ಹೆದರಿಕೆ ತನ್ನೊಬ್ಬಳದು ಎಂದುಕೊಂಡಿದ್ದಳು ಗುಂಡವ್ವ. ಅದು ತನಗೆ ತಿಳಿಯದಂತೆ ಮಗಳ ಕಾಲಿಗೂ ಸುತ್ತಿಕೊಂಡಿತ್ತು. ಅವಳು ಹುಣಸೆಹಣ್ಣು ತಂದು, ಹಿಡಿದಿದ್ದ ಕಿಲುಬು ಹೋಗುವ ತನಕ ಗೆಜ್ಜೆ ತಿಕ್ಕಿದಳು.

ಮರುದಿನ ಬಂಡಿ ದೊಡ್ಡ ದಾರಿಗೇ ಇಳಿಯಿತು. ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರು. ಮುತ್ತುರಾಜ ಮಾತ್ರ, “ಅಕ್ಕಾ, ನಾನೂ ಬರ್ತೇನಿ,” ಎಂದು ಹಿಂದೆ ಹತ್ತಿದ. ಬನ್ನಿಗಿಡದ ಕೆಳಗೆ ಅನಿಲ ಇಬ್ಬರ ಜೊತೆ ಕೂತಿದ್ದ. ಗುಂಡವ್ವನಿಗೆ ಇಳಿದು ಓಡಿಬಿಡಲೇ ಎನಿಸಿತು. ಬುಟ್ಟಿಯನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಅನಿಲನ ಮುಖವನ್ನೇ ನೋಡಿದಳು. ಅವನು ಬೀಡಿ ನೆಲಕ್ಕೆ ಒತ್ತಿ ಬೇರೆ ಕಡೆ ತಿರುಗಿದ. ಬಂಡಿ ದಾಟಿತು. ದಾಟಿದ ಮೇಲೂ ಅವಳು ಬುಟ್ಟಿಯ ಹಿಡಿತ ಸಡಿಲಿಸಲಿಲ್ಲ.

ಹೊಲದಲ್ಲಿ ಜೋಳ ಎದೆಮಟ್ಟ ಬೆಳೆದಿತ್ತು. ಪೂಜೆ ಮುಗಿಯಿತು. ಕೂಗಬೇಕಾದವನು ಸಿದ್ರಾಮ. ದವಡೆ ಮುರಿದ ಮೇಲೆ ಅವನಿಗೆ ಬಾಯಿ ಅಗಲಿಸಿ ಒದರಲು ಬರುತ್ತಿರಲಿಲ್ಲ. “ನೀನ ಒದರು,” ಎಂದು ಬುಟ್ಟಿಯನ್ನು ಹೆಂಡತಿಯ ಕೈಗಿಟ್ಟ.

ಗುಂಡವ್ವ ಕಣ್ಣು ಮುಚ್ಚಿ, ಇದ್ದಷ್ಟೂ ಉಸಿರು ಸೇರಿಸಿ ಕೂಗಿದಳು.

“ಹುಲ್ಲುಲ್ಲಿಗೋ...!”

ತಂಬಿಗೆ ಹಿಡಿದ ಪಲ್ಲವಿ ಓಗೊಡಲು ಬಾಯಿ ತೆರೆಯುವ ಮೊದಲೇ ಬದುವಿನ ಆಚೆಯಿಂದ ದನಿ ಬಂತು.

“ಚಳ್ಳಂಬರಿಗೋ...!”

ಸುಮಿತ್ರಾಬಾಯಿ. ಬಂಡಿ ಇಲ್ಲ, ಆಳಿಲ್ಲ. ಬುಟ್ಟಿ ಹೊತ್ತು ನಡೆದೇ ಬಂದು ತನ್ನ ಹೊಲದಲ್ಲಿ ಒಬ್ಬಳೇ ನಿಂತಿದ್ದಳು. ವರ್ಷ ವರ್ಷ ಅವಳ ಹೊಲದಲ್ಲಿ ಚರಗ ಕೂಗುತ್ತಿದ್ದವನು ಅನಿಲ. ಈ ಸಲ ಅವಳಿಗೆ ಯಾರಿದ್ದರು? ಅವಳ ದನಿ ಒಡೆದಿತ್ತು, ಆದರೂ ದಾರಿಯಲ್ಲಿ ಹೋಗುತ್ತಿದ್ದ ಮೇಲಿನ ಓಣಿಯ ಬಂಡಿಗಳು ನಿಧಾನವಾದವು. ಅವಳು ಈ ಸಲ ಸೆರಗು ಎಳೆದುಕೊಳ್ಳಲಿಲ್ಲ.

ಗುಂಡವ್ವನ ಒಳಗಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ತುಂಬಿತು. ಬದುವಿನ ಹತ್ತಿರ ಹೋಗಿ ಸೊಂಟಕ್ಕೆ ಕೈಯಿಟ್ಟಳು.

“ಬಾಯಾರ! ಇದೇನ್ರಿ ಬೆಕ್ಕಿನ ದನಿ? ಊರ ಅಗಸಿ ಬಾಗಲಾ ಮಟಾ ಕೇಳ್ಬೇಕು, ಜೋರ ಒದರ್ರಿ!”

ಎಂದವಳೇ ನಕ್ಕಳು. ಆ ನಗು ಮೂರು ಹೊಲದಾಚೆಗೆ ಕೇಳಿತು.