ಮಣ್ಣೊಳಗಿನ ಅರ್ಧ ಕಲ್ಲು

ಪಂಕಜಾ ಬೆಂಕಿಗೆ ಬೀಳುವ ಚೆಂದವನ್ನು ಇಡೀ ನಾಟಕ ಸಂಘವೇ ಬಾಯಿತುಂಬ ಹೊಗಳುತ್ತಿತ್ತು. ಬೆಂಕಿಯೆಂದರೆ ರಟ್ಟಿಗೆ ಅಂಟಿಸಿದ ಕೆಂಪು ಕಾಗದ, ಅದರ ಹಿಂದೆ ಎರಡು ಬಲ್ಬು, ಇನ್ನೂ ಹಿಂದೆ ಯಾರದೋ ಮನೆಯಿಂದ ತಂದ ಹತ್ತಿಯ ಹಾಸಿಗೆ. ಗಂಡ ಯುದ್ಧದಲ್ಲಿ ಮಡಿದ ಸುದ್ದಿ ಕೇಳಿದ ರಾಣಿ ನಾಗಾಜಿ ಕೈತುಂಬ ಬಳೆ ತೊಟ್ಟು, ಹಣೆತುಂಬ ಕುಂಕುಮ ಇಟ್ಟುಕೊಂಡು, ಕೈಮುಗಿದು ಆ ಹಾಸಿಗೆಯ ಮೇಲೆ ಬೀಳಬೇಕು. ಬಿದ್ದು ಎದ್ದರೆ ರಿಹರ್ಸಲ್ ಮುಗಿಯಿತು. ಆಮೇಲೆ ಪಂಕಜಾ ಬಳೆಗಳನ್ನು ಒಂದೊಂದಾಗಿ ಕಳಚಿ ಡಬ್ಬಕ್ಕೆ ಹಾಕಿ, ಕುಂಕುಮ ಒರೆಸಿಕೊಂಡು, ಬರಿ ಹಣೆಯಲ್ಲಿ ಅಣ್ಣನ ಹಿಂದೆ ಮನೆಗೆ ಹೋಗುವಳು. ಏಕೆಂದರೆ ಪಂಕಜಾ ನಿಜವಾಗಿಯೂ ವಿಧವೆ. ಇಪ್ಪತ್ನಾಲ್ಕನೆಯ ವಯಸ್ಸಿಗೆ ಗಂಡನನ್ನು ಟೈಫಾಯ್ಡ್ ತೆಗೆದುಕೊಂಡು ಹೋಗಿತ್ತು. ಈಗ, ಅರವತ್ಮೂರನೇ ಇಸವಿಯಲ್ಲಿ, ಅವಳಿಗೆ ಇಪ್ಪತ್ತೊಂಬತ್ತು.

ವಿಧವೆಯೊಬ್ಬಳು ಜಯನಗರದಲ್ಲಿ ಬಣ್ಣ ಹಚ್ಚಿಕೊಂಡು ಸ್ಟೇಜು ಹತ್ತುವುದೆಂದರೆ ಆ ಕಾಲದಲ್ಲಿ ಸುಮ್ಮನೆ ಮಾತೇ? ಅಣ್ಣ ಜಯಸಿಂಹ ಒಪ್ಪಿದ್ದು ಪಾತ್ರ ನೋಡಿ. ಅವನು ಸಂಘದ ಕಾರ್ಯದರ್ಶಿ, ಸರ್ಕಾರಿ ಗುಮಾಸ್ತ, ಮರ್ಯಾದೆಯ ವಿಷಯದಲ್ಲಿ ಬಲು ಹುಷಾರಿನವನು. "ಮಹಾಸತಿ ಪಾರ್ಟು. ಯಾರು ತಾನೇ ಏನಂತಾರೆ?" ಎಂದಿದ್ದ. ಪಂಕಜಾಗೋ ಚಿಕ್ಕಂದಿನಿಂದ ನಾಟಕದ ಆಸೆ. ಬೆಳಗ್ಗೆ ಅಡಿಗೆಮನೆ, ಹಗಲೆಲ್ಲ ಸ್ಕೂಲಿನಲ್ಲಿ ಪಾಠ, ಸಂಜೆ ಮತ್ತೆ ಅಡಿಗೆಮನೆ ಎಂದು ಐದು ವರ್ಷ ಗಾಣದ ಎತ್ತಿನಂತೆ ಸುತ್ತಿ ಅವಳಿಗೆ ಜೀವ ಸಾಕಾಗಿತ್ತು. ಉಸಿರಾಡಲು ಸಿಕ್ಕಿದ್ದು ಈ ಸ್ಟೇಜೊಂದೇ. ಸಾಯಿ ಎಂದರೆ ಸತ್ತರಾಯಿತು ಎಂದು ಒಪ್ಪಿಕೊಂಡಿದ್ದಳು. ಆದರೆ ಬಳೆ ಕಳಚುವಾಗ ಪ್ರತಿ ಸಲವೂ ಮೈಯೆಲ್ಲ ಉರಿಯುತ್ತಿತ್ತು. ಬಳೆ ಬೇಕೆಂದರೆ ಬೆಂಕಿಗೆ ಬೀಳಬೇಕು, ಬದುಕಬೇಕೆಂದರೆ ಬಳೆ ಕಳಚಬೇಕು. ಇದೆಂಥ ನ್ಯಾಯ?

ನಾಟಕ ಬರೆದವರು ಚಕ್ರಪಾಣಿ ಮೇಷ್ಟ್ರು, ನಿವೃತ್ತ ಇತಿಹಾಸದ ಅಧ್ಯಾಪಕರು. ಆಧಾರವಿಲ್ಲದೆ ಒಂದು ಸಾಲೂ ಬರೆಯುವವನಲ್ಲ ಎಂಬ ಜಂಬ ಅವರದು. ಈ ನಾಟಕಕ್ಕೆ ಆಧಾರ, ಹೊಸಕೆರೆಹಳ್ಳಿಯ ಆಚೆ ಒಂದು ರಾಗಿ ಹೊಲದಲ್ಲಿ ನಿಂತಿದ್ದ ಹಳೆಯ ಕಲ್ಲು. ಮಣ್ಣಿನ ಮೇಲೆ ಕಾಣುತ್ತಿದ್ದುದು ಬಳೆ ತೊಟ್ಟು ಮೇಲಕ್ಕೆತ್ತಿದ ಒಂದು ತೋಳು, ಅದೂ ಮೊಣಕೈವರೆಗೆ. ಅಂಗೈ ಇರಬೇಕಾದ ತುದಿ ಒಡೆದುಹೋಗಿತ್ತು. ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸುವ ಮಾಸ್ತಿಕಲ್ಲಿನಲ್ಲಿ ಇಂಥದೇ ತೋಳು ಇರುತ್ತದೆಂದು ಓದಿದವರಿಗೆಲ್ಲ ಗೊತ್ತು, ಮೇಷ್ಟ್ರು ಬೇಕಾದಷ್ಟು ಓದಿದವರು. ಹೊಲದವರ ಬಾಯಲ್ಲಿ ನಾಗಾಜಿ ಎಂಬ ಹೆಸರು ಕೇಳಿಕೊಂಡು ಬಂದವರೇ, ಮೂರು ತಿಂಗಳಲ್ಲಿ 'ಮಹಾಸತಿ ನಾಗಾಜಿ' ಎಂಬ ಐದಂಕದ ದುರಂತ ನಾಟಕ ಬರೆದು ಮುಗಿಸಿದರು. ಒಂದು ಗುದ್ದಲಿ ಮಣ್ಣು ತೆಗೆಸಿ ಕೆಳಗೇನಿದೆ ನೋಡೋಣ ಎಂದು ಅಷ್ಟು ದೊಡ್ಡ ತಲೆಗೆ ಹೊಳೆಯಲಿಲ್ಲ.

ಪ್ರದರ್ಶನಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ಕಲ್ಲಿನ ಪಕ್ಕ ಪಂಕಜಾಳನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಬೇಕೆಂದು ಮೇಷ್ಟ್ರು ಹೊರಟರು. ಜೊತೆಗೆ ಕ್ಯಾಮೆರಾ ನೇತುಹಾಕಿಕೊಂಡ ಜಯಸಿಂಹ. ಹೋಗಿ ನೋಡಿದರೆ ಕಲ್ಲು ನಿಂತಿರಲಿಲ್ಲ, ಮಲಗಿತ್ತು. ಹೊಸ ಬಡಾವಣೆಯ ರಸ್ತೆ ಆ ಹೊಲದ ಮೇಲೇ ಬರುವುದಿತ್ತು. ಹೊಲದ ಒಡತಿ ಮುನಿವೆಂಕಟಮ್ಮ ಕಲ್ಲನ್ನು ಕೆರೆ ಏರಿಗೆ ಸಾಗಿಸಲು ಅಗೆಸಿ, ತೊಳೆಸಿ, ಪೂಜೆ ಮಾಡಿ ಕೂತಿದ್ದಳು.

ಆಳೆತ್ತರದ ಕಲ್ಲು. ತೋಳಿನ ಕೆಳಗೆ ಮುಖ, ಮುಖದ ಕೆಳಗೆ ಹೆಣ್ಣಿನ ಪೂರ್ತಿ ಮೈ. ಆ ಹೆಣ್ಣು ಕುದುರೆಯ ಮೇಲೆ ಕೂತಿದ್ದಳು. ಎಡಗೈಯಲ್ಲಿ ಲಗಾಮು, ಮೇಲೆತ್ತಿದ ಬಲಗೈ ಕತ್ತಿ ಬೀಸಿದ್ದು, ಕುದುರೆಯ ಗೊರಸಿನಡಿ ಇಬ್ಬರು ಗಂಡಸರು ಅಂಗಾತ. ಬುಡದಲ್ಲಿ ನಾಲ್ಕು ಸಾಲು ಬರಹ. ಮೇಷ್ಟ್ರು ಮಂಡಿಯೂರಿ, ಕನ್ನಡಕ ಒರೆಸಿಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸುತ್ತ ಓದಿದರು. ಓದುತ್ತ ಓದುತ್ತ ಅವರ ಮುಖ ಸಣ್ಣದಾಯಿತು.

"ಏನಂತ ಇದೆ ಮೇಷ್ಟ್ರೇ?" ಎಂದಳು ಪಂಕಜಾ.

ಮೇಷ್ಟ್ರಿಗೆ ಜಂಬವಿತ್ತೇ ಹೊರತು ಸುಳ್ಳು ಹೇಳುವ ಬುದ್ಧಿಯಿರಲಿಲ್ಲ. "ಗಂಡ ಯುದ್ಧದಲ್ಲಿ ಬಿದ್ದ ಮೇಲೆ ನಾಗಾಜಿ ಹನ್ನೆರಡು ವರ್ಷ ಊರು ಆಳಿದಳು, ಕೆರೆಗೆ ತೂಬು ಇಡಿಸಿದಳು ಅಂತಿದೆ," ಎಂದು ಎದ್ದು ಪಂಚೆಯ ಮಣ್ಣು ಕೊಡವಿಕೊಂಡರು.

ಮುನಿವೆಂಕಟಮ್ಮ ನಕ್ಕಳು. "ಅದ್ನ ಓದ್ಬೇಕಾ ಸ್ವಾಮಿ? ನಮ್ಮನೇಲಿ ಎಲ್ರಿಗೂ ಗೊತ್ತು. ಗಂಡ ಸತ್ತ ಅಂತ ಈ ಅವ್ವ ಮೂಲೇಲಿ ಕುಂತಿದ್ರೆ ಕೆರೆಗೆ ತೂಬು ಯಾರು ಇಕ್ಕೋರು?"

"ಮತ್ತೆ ಅವತ್ತು ನನಗ್ಯಾಕೆ ಹೇಳಲಿಲ್ಲ?"

"ನೀವು ಹೆಸ್ರು ಕೇಳುದ್ರಿ, ಹೇಳ್ದೆ. ಸತ್ಲಾ ಬದುಕುದ್ಲಾ ಅಂತ ಕೇಳ್ಲೇ ಇಲ್ವಲ್ಲ!"

ಪಂಕಜಾ ಕಲ್ಲು ಬಿಟ್ಟು ಮುನಿವೆಂಕಟಮ್ಮನ ಹಣೆ ನೋಡುತ್ತಿದ್ದಳು. ಕಾಸಗಲ ಕುಂಕುಮ. ಮೆಲ್ಲಗೆ, "ನಿಮ್ಮ ಯಜಮಾನ್ರು?" ಎಂದಳು.

"ವೋಗಿ ಹತ್ತು ವರ್ಸ ಆಯ್ತು ಕಣವ್ವ. ನಮ್ಮನೆ ಎಣ್ಮಕ್ಳು ಕುಂಕುಮ ಅಳ್ಸಲ್ಲ. ಈ ಅವ್ವನೇ ಅಳ್ಸ್‌ಲಿಲ್ಲ, ನಾವ್ಯಾಕೆ ಅಳ್ಸಾನ?" ಎಂದ ಮುನಿವೆಂಕಟಮ್ಮ, ಕಲ್ಲಿಗೆ ಹಚ್ಚಿದ್ದ ಕುಂಕುಮದಲ್ಲಿ ಒಂದು ಚಿಟಿಕೆ ತೆಗೆದು ಪಂಕಜಾಳತ್ತ ಕೈ ಚಾಚಿದಳು.

"ಪಂಕಜಾ, ನಡಿ," ಎಂದ ಜಯಸಿಂಹ.

ಪಂಕಜಾ ನಡೆದಳು. ಹಾಗೆ ಬಾಯಿ ಮುಚ್ಚಿಕೊಂಡು ನಡೆದುಬಿಟ್ಟದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಮನೆಯ ಜಗಲಿ ಹತ್ತಿದವಳೇ, ಜೊತೆಗೆ ಬಂದಿದ್ದ ಮೇಷ್ಟ್ರ ಕಡೆ ಸಿಟ್ಟಿನಿಂದ ತಿರುಗಿದಳು.

"ಕೊನೇ ಅಂಕ ಬದಲಾಯಿಸಿ ಮೇಷ್ಟ್ರೇ. ಅವಳು ಬೆಂಕಿಗೆ ಬೀಳಲಿಲ್ಲ."

"ಇತಿಹಾಸ ಬೇರೆ, ನಾಟಕ ಬೇರೆ ಕಣಮ್ಮ. ನಾಯಕಿ ಸಾಯದಿದ್ರೆ ಅದೆಂಥ ದುರಂತ? ಜನ ಅಳೋದು ಹೇಗೆ?"

"ಆಧಾರ ಇಲ್ಲದೆ ಒಂದು ಸಾಲೂ ಬರೆಯಲ್ಲ ಅಂತಿದ್ರಿ!"

ಜಯಸಿಂಹ ಮಧ್ಯೆ ಬಾಯಿ ಹಾಕಿದ. "ನೋಡು, ಮಹಾಸತಿ ಅಂತ ಊರೆಲ್ಲ ಕರಪತ್ರ ಹಂಚಿದೀವಿ. ಮಹಾಸತಿ ಅಂತಲೇ ನಿನ್ನನ್ನ ಸ್ಟೇಜ್ ಹತ್ಸಿರೋದು. ಬರೆದಿರೋ ಹಾಗೆ ಬಿದ್ರೆ ಸರಿ. ಇಲ್ಲ ಅಂದ್ರೆ ಇದೇ ನಿನ್ನ ಕೊನೇ ನಾಟಕ, ನಾನು ಬದುಕಿರೋವರೆಗೂ ಇನ್ನು ಬಣ್ಣದ ಮಾತು ಎತ್ತಬೇಡ."

ಅವನು ಹೇಳಿದಂತೆ ಮಾಡುವವನೇ. ಬಿದ್ದರೆ ಮುಂದಿನ ವರ್ಷವೂ ಒಂದು ಪಾತ್ರ ಸಿಗುತ್ತದೆ, ಆದರೆ ಅದರಲ್ಲೂ ಬೀಳಬೇಕಾಗುತ್ತದೆ ಎಂದು ಪಂಕಜಾಗೆ ಗೊತ್ತಿತ್ತು. ಬೀಳದಿದ್ದರೆ ಮತ್ತೆ ಅಡಿಗೆಮನೆ, ಸ್ಕೂಲು, ಅಡಿಗೆಮನೆ. ವಾರವಿಡೀ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ.

ರಾಜ್ಯೋತ್ಸವದ ಸಂಜೆ ಮೈದಾನದ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಕುರ್ಚಿಗಳಲ್ಲಿ ಜಯನಗರ, ಬಸವನಗುಡಿಯ ದೊಡ್ಡ ಮನುಷ್ಯರು, ಹಿಂದಿನ ಜಮಖಾನೆಯ ಮೇಲೆ ಎರಡು ಗಾಡಿ ಕಟ್ಟಿಕೊಂಡು ಬಂದ ಮುನಿವೆಂಕಟಮ್ಮನ ಕಡೆಯವರು. ನಾಲ್ಕು ಅಂಕ ಸುಸೂತ್ರವಾಗಿ ಮುಗಿಯಿತು. ಐದನೆಯದರಲ್ಲಿ ದೂತ ಬಂದು ಕೆಟ್ಟ ಸುದ್ದಿ ಹೇಳಿದ. ಮುಂದಿನ ಸಾಲಿನ ಹೆಂಗಸರು ಕರ್ಚೀಫು ತೆಗೆದು ಅಳಲು ಸಿದ್ಧರಾದರು. ರಟ್ಟಿನ ಬೆಂಕಿ ಹೊತ್ತಿಕೊಂಡಿತು.

ಪಂಕಜಾ ನಿಂತಲ್ಲೇ ನಿಂತಳು.

ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದಿದ್ದ ಮೇಷ್ಟ್ರು ಮಾತು ಮರೆತಳೆಂದು ತಿಳಿದು, "ಓ ಅಗ್ನಿದೇವಾ..." ಎಂದು ಪಿಸುಗುಟ್ಟಿದರು. ಅವಳು ಅಲ್ಲಾಡಲಿಲ್ಲ. "ಓ ಅಗ್ನಿದೇವಾ!" ಎಂದು ಇನ್ನೊಮ್ಮೆ ಅಂದಾಗ ಅದು ಮುಂದಿನ ಸಾಲಿಗೂ ಕೇಳಿಸಿತು.

ಪಂಕಜಾ ಬೆಂಕಿಗೆ ಬೆನ್ನು ಹಾಕಿ ದೂತನ ಕಡೆ ತಿರುಗಿದಳು. "ನನ್ನ ಕುದುರೆ ತಾ."

ನಾಟಕದಲ್ಲಿ ಕುದುರೆಯೇ ಇರಲಿಲ್ಲ. ದೂತ ಕಣ್ಣು ಕಣ್ಣು ಬಿಟ್ಟ. "ಕು... ಕುದುರೆ ಇಲ್ಲ, ಮಹಾರಾಣಿ."

"ಇಲ್ಲದಿದ್ದರೆ ನಡೆದೇ ಹೋಗುತ್ತೇನೆ. ಬಿದ್ದವನು ನನ್ನ ಗಂಡ. ಊರು ಬಿದ್ದಿಲ್ಲ, ಕೆರೆ ಬತ್ತಿಲ್ಲ, ನಾನು ಸತ್ತಿಲ್ಲ. ಈ ಬಳೆಗಳು ಅವನು ಬರುವ ಮೊದಲೂ ನನ್ನ ಕೈಯಲ್ಲಿದ್ದವು, ಅವನು ಹೋದ ಮೇಲೂ ಇರುತ್ತವೆ. ಯಾರಲ್ಲಿ! ಈ ಚಿತೆ ಆರಿಸಿ. ಅಷ್ಟು ಸೌದೆಯಲ್ಲಿ ಸೈನಿಕರಿಗೆ ಅಡಿಗೆಯಾಗುತ್ತದೆ."

ಕಣ್ಣಿಗೆ ಹೋಗಬೇಕಿದ್ದ ಕರ್ಚೀಫುಗಳು ಅರ್ಧ ದಾರಿಯಲ್ಲಿ ನಿಂತವು. ಜಯಸಿಂಹ ಓಡಿ ಬಂದು ಹಗ್ಗ ಎಳೆದು ಪರದೆ ಇಳಿಸಿಬಿಟ್ಟ.

"ಕಳೆದೆಯಲ್ಲೇ ಮಾನ!" ಅವನು ಹಗ್ಗ ಬಿಡದೆ ಗದರಿದ. "ಬಳೆ ತೆಗಿ. ಕುಂಕುಮ ಒರೆಸ್ಕೋ. ಹಿಂದಿನ ದಾರೀಲಿ ಮನೆಗೆ ನಡಿ. ಇದೇ ನಿನ್ನ ಕೊನೇ ನಾಟಕ."

ಬಣ್ಣ ತೆಗೆಯಲೆಂದು ಒದ್ದೆ ಟವೆಲ್ ಹಿಡಿದು ಅತ್ತಿಗೆ ಸತ್ಯಭಾಮಾ ಬಂದು ನಿಂತಳು. ಪಂಕಜಾಗೆ ಭಯವಾಯಿತು, ಆದರೆ ಕೈಗಳು ಬಳೆಯ ಕಡೆ ಹೋಗಲಿಲ್ಲ. ಅಷ್ಟರಲ್ಲಿ ಹೊರಗೆ ಚಪ್ಪರದ ತುದಿಯಿಂದ ಒಂದು ಹೆಂಗಸಿನ ದನಿ ಕೇಳಿತು. "ಒನ್ಸ್ ಮೋರ್!" ಹಿಂದೆಯೇ ಹತ್ತು ದನಿ, ಸಿಳ್ಳೆ, ಚಪ್ಪಾಳೆ. ಜಮಖಾನೆಯಿಂದ ಎದ್ದ ಕೂಗು ಕುರ್ಚಿಗಳಿಗೂ ಹಬ್ಬಿತು.

ಸತ್ಯಭಾಮಾ ನಾದಿನಿಯ ಹಣೆ ನೋಡಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನಿಗೆ ಒಮ್ಮೆಯೂ ಎದುರಾಡಿದವಳಲ್ಲ. ಟವೆಲನ್ನು ಅವನ ಕೈಗೆ ತುರುಕಿ, "ನೀವೇ ಒರೆಸ್ಕೊಳ್ರಿ, ಬೆವರು ಸುರೀತಿದೆ," ಎಂದಳು.

ಮೇಷ್ಟ್ರು ಪುಸ್ತಕದ ಕೊನೆಯ ಹಾಳೆ ತಿರುವಿ, ಪಂಕಜಾಳ ಮುಖ ನೋಡಿದರು. "ಮುಂದಿನ ಮಾತು ನನ್ನ ಹತ್ರ ಇಲ್ಲಮ್ಮ."

"ನನ್ನ ಹತ್ರ ಇದೆ ಮೇಷ್ಟ್ರೇ," ಎಂದು ಪಂಕಜಾ ಅಣ್ಣನ ಮುಂದೆ ಹೋಗಿ ನಿಂತಳು. "ಕೊನೇದಾದ್ರೆ ಪೂರ್ತಿ ಆಡಿಯೇ ಇಳೀತೀನಿ ಅಣ್ಣ. ಬಿಡು."

ಅವನ ಕೈಯಿಂದ ಹಗ್ಗ ಬಿಡಿಸಿಕೊಂಡು, ಪರದೆಯನ್ನು ತಾನೇ ಎಳೆದು ಎತ್ತಿದಳು.